ಮೇ ತಿಂಗಳನ್ನು ಊರಿಗೆ ತಂದವರು

ನಾಲ್ಕು ಗಂಟೆ ಹತ್ತು ನಿಮಿಷ. ಕಾರಹುಣ್ಣಿಮೆಯ ದಿನ ದ್ಯಾಮವ್ವನ ಗುಡಿಯ ಮುಂದೆ ಹಲಗೆಯ ಬಡಿತ ಥಟ್ಟನೆ ನಿಂತಾಗ ನಾನು ಕಿಸೆಯ ಗಡಿಯಾರ ತೆಗೆದು ನೋಡಿದೆ. ಬಿ.ಎ. ಪಾಸಾದಾಗ ಸೋದರಮಾವ ಕೊಟ್ಟದ್ದು. ಏನು ಮಾಡಬೇಕೆಂದು ತೋಚದಾಗಲೆಲ್ಲ ಅದನ್ನು ತೆಗೆದು ನೋಡುವುದು ನನಗೆ ಚಾಳಿಯಾಗಿತ್ತು. ನಮ್ಮೆದುರಿಗೆ ಒಂದು ಕೋಣ ಮುಂಗಾಲು ಮಡಚಿ, ಗುಡಿಯ ಹೊಸ್ತಿಲಿನತ್ತ ತಲೆ ತಗ್ಗಿಸಿ, ಮೊಣಕಾಲೂರಿ ಕುಳಿತಿತ್ತು. ಅದರ ಪಕ್ಕದಲ್ಲಿ ಅದರ ಯಜಮಾನರೂ ಒಂದು ಮೊಣಕಾಲೂರಿದ್ದರು. ಅವರ ಮುಖದಲ್ಲಿ ಸಂತೋಷ ತುಂಬಿತ್ತು. ಸುತ್ತಲಿದ್ದ ಜನರ ಮುಖದಲ್ಲಿದ್ದದ್ದು ಬೇರೆಯೇ.

ಆ ಮೌನದಲ್ಲಿ ನನ್ನ ಹಿಂದಿನಿಂದ ಒಬ್ಬ ಹೆಂಗಸು, ಕೂಗದೆ, ಮನೆಯೊಳಗೆ ಯಾರಿಗೋ ಹೇಳುವಷ್ಟೇ ದನಿಯಲ್ಲಿ ಹೇಳಿದಳು:

"ತಾಯಿ ಕೇಳ್ಯಾಳ."

ಆ ಯಜಮಾನರು ಹೋದ ತಿಂಗಳು ರಾಮದುರ್ಗದಲ್ಲಿ ತೀರಿಕೊಂಡರೆಂದು ಅವರ ಅಣ್ಣನ ಮಗ ಕಾರ್ಡು ಬರೆದಿದ್ದಾನೆ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಅದು ನನ್ನದೇ ಊರು, ಬೈಲಹೊಂಗಲದಿಂದ ಸವದತ್ತಿಯ ಕಡೆ ಹೋಗುವ ದಾರಿಯಲ್ಲಿ ಎರಡು ಹರದಾರಿ. ಆ ದಿನ ಅಲ್ಲಿ ನಿಂತಿದ್ದವರಲ್ಲಿ ಬಹಳ ಮಂದಿ ಇನ್ನೂ ಇದ್ದಾರೆ, ಮತ್ತು ಅವರು ಕೆಟ್ಟವರಲ್ಲ. ನಾನು ಬರೆಯುತ್ತಿರುವುದು ಒಬ್ಬ ಮನುಷ್ಯನ ವಿಷಯ. ನನ್ನ ಬಾಳಿನಲ್ಲಿ ಕಂಡ ಧೈರ್ಯವಂತರಲ್ಲಿ ಅವರನ್ನು ಮೊದಲು ಎಣಿಸುತ್ತೇನೆ. ಪುಣೆಯ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರನ್ನೆಲ್ಲ ಸೇರಿಸಿಯೂ ಹೀಗೆ ಹೇಳುತ್ತೇನೆ.

ಅವರು ಹುಟ್ಟಿದ್ದು ರಾಮದುರ್ಗದಲ್ಲಿ. ಹನ್ನೆರಡನೆಯ ವಯಸ್ಸಿನಲ್ಲಿ ಸವದತ್ತಿಗೆ ಬಂದಿದ್ದ ಒಂದು ಮರಾಠಿ ಸರ್ಕಸ್ ನೋಡಲು ಹೋದವರು ಮನೆಗೆ ಬರಲಿಲ್ಲ. ಮೂವತ್ತು ವರ್ಷ ಕುದುರೆಯ ಬೆನ್ನಿನ ಮೇಲೆ ನಿಂತು ಸವಾರಿ ಮಾಡಿದರು. ರಂಗೂನು, ಸಿಂಗಾಪುರ ಎಲ್ಲ ಕಂಡರು. ಮನಿಲಾ ಪಟ್ಟಣದಲ್ಲಿ ಕುದುರೆಯಿಂದ ಬಿದ್ದು ಎಡ ಮೊಣಕಾಲಿನ ಚಿಪ್ಪು ಒಡೆಯಿತು. ಸರ್ಕಸ್ಸಿನವರು ಹಡಗು ಹತ್ತಿ ಹೋದರು. ಇವರನ್ನು ಪಟ್ಟಣದಿಂದ ಒಂದು ದಿನದ ಗಾಡಿದಾರಿ ಇದ್ದ ಹಳ್ಳಿಯಲ್ಲಿ ಒಬ್ಬ ರೈತನ ಮನೆಯಲ್ಲಿ ಬಿಟ್ಟರು. ಒಂದು ತಿಂಗಳು ಅಲ್ಲಿ ಇದ್ದರು. ಅದು ಮೇ ತಿಂಗಳು.

ಮುಂದೆ ಕುಂಟುತ್ತ ದೇಶಕ್ಕೆ ಬಂದು, ನಮ್ಮೂರಿಗೆ ಕೊಟ್ಟಿದ್ದ ವಿಧವೆ ಅಕ್ಕನ ಮನೆ ಸೇರಿ, ಅವಳ ಹೊಲ ನೋಡಿಕೊಂಡು ಇದ್ದುಬಿಟ್ಟರು. ಆಗ ಅವರಿಗೆ ನಲವತ್ತೈದರ ಹತ್ತಿರ. ದಿನಾ ಗಡ್ಡ ಹೆರೆದುಕೊಳ್ಳುತ್ತಿದ್ದರು. ಹಣೆಗೆ ವಿಭೂತಿ, ಮೈಮೇಲೆ ಹಿತ್ತಾಳೆಯ ಗುಂಡಿಗಳಿದ್ದ ಒಂದು ಹಳೆಯ ಕೋಟು. ಎಲ್ಲಿ ಕುಳಿತರೂ ಎಡಗಾಲನ್ನು ಮುಂದಕ್ಕೆ ನೀಡಿಯೇ ಕೂಡಬೇಕಾಗುತ್ತಿತ್ತು. ದೇವರ ಗುಡಿಯಲ್ಲಿ ಕಾಲು ಚಾಚಬೇಕಾದೀತೆಂದು ನಿಂತೇ ಕೈ ಮುಗಿದು ಬರುತ್ತಿದ್ದರು. ಅದನ್ನು ಸೊಕ್ಕು ಎಂದವರಿದ್ದರು. ಗೌಡರ ಮುಂದೆಯೂ ಅವರು ನೆಟ್ಟಗೆ ನಿಲ್ಲುತ್ತಿದ್ದರು. ಸರ್ಕಸ್ಸಿನವರ ಬೆನ್ನು ಅದು, ಬಗ್ಗಲು ಒಪ್ಪುತ್ತಿರಲಿಲ್ಲ.

ನಾನು ಬೈಲಹೊಂಗಲದಲ್ಲಿ ಮಾಸ್ತರನಾಗಿದ್ದೆ. ಬೇಸಿಗೆಯ ರಜೆಗೆ ಊರಿಗೆ ಬಂದಾಗ ಸಂಜೆಯ ಹೊತ್ತು ಊರ ಹೆಬ್ಬಾಗಿಲಾದ ಅಗಸಿಯ ಕಟ್ಟೆಯ ಮೇಲೆ ಅವರ ಮಾತು ಕೇಳುವುದೇ ನನ್ನ ಕೆಲಸ. ಉಳಿದ ಹನ್ನೊಂದು ತಿಂಗಳು ಅವರು ಹೆಚ್ಚು ಮಾತಾಡುವವರಲ್ಲ. ಮೇ ಬಂದಿತೆಂದರೆ ಬಾಯಿ ಬಿಚ್ಚುತ್ತಿದ್ದರು. ಇವತ್ತು ಅಲ್ಲಿ ಏನಾಗುತ್ತಿದೆ ಎಂದು ಹೇಳುತ್ತಿದ್ದರು, ಅಲ್ಲಿಂದ ಅದೇ ಗಳಿಗೆಗೆ ತಂತಿ ಬಂದವರ ಹಾಗೆ. ತಿಂಗಳ ಮೊದಲ ದಿನದಿಂದ ದಿನಾ ಸಂಜೆ ಬಿಳಿಯ ಬಟ್ಟೆ ಹಾಕಿಕೊಂಡ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೂವು ತುಂಬಿಕೊಂಡು ಅವರ ಗುಡಿಗೆ, ಎಂದರೆ ಚರ್ಚಿಗೆ, ಹೋಗುತ್ತಾರೆ. ಮೇರಿಯಮ್ಮನ ಪಾದಕ್ಕೆ ಹೂವು ಸುರಿದು ಹಾಡುತ್ತಾರೆ. ತಿಂಗಳಿಡೀ ಒಂದು ಸಂಜೆಯನ್ನೂ ತಪ್ಪಿಸುವುದಿಲ್ಲ. ತಿಂಗಳ ನಡುವೆ ರೈತರ ಸಂತನ ಹಬ್ಬ. ಅಂದು ಬೆಳೆದದ್ದನ್ನೆಲ್ಲ ಮನೆಯ ಗೋಡೆಗೆ, ಕಿಟಕಿಗೆ ತೂಗುಹಾಕುತ್ತಾರೆ: ಬತ್ತದ ತೆನೆ, ಕುಂಬಳಕಾಯಿ, ಬಾಳೆಗೊನೆ. ಅಕ್ಕಿಯ ಹಿಟ್ಟನ್ನು ಎಲೆಯ ಮೇಲೆ ತೆಳ್ಳಗೆ ಹರಡಿ, ಬೇಯಿಸಿ ಒಣಗಿಸಿ, ಎಲೆಯ ಗೆರೆಗಳು ಹಾಗೇ ಮೂಡಿದ ಬಣ್ಣಬಣ್ಣದ ಹಪ್ಪಳ ಮಾಡಿ ಮಾಲೆ ಕಟ್ಟುತ್ತಾರೆ. ದಾರಿಯಲ್ಲಿ ಹೋಗುವವನು ಗೋಡೆಯಿಂದ ಕಿತ್ತು ತಿಂದರೂ ಯಾರೂ ಬೇಡ ಎನ್ನುವುದಿಲ್ಲ. ಅವರ ಅಕ್ಕ ಒಂದು ವರ್ಷ ಮುತ್ತುಗದ ಎಲೆಯ ಮೇಲೆ ಆ ಹಪ್ಪಳ ಮಾಡಲು ಹೋಗಿ, ಎಲೆ ಹಪ್ಪಳವನ್ನು ಬಿಡದೆ, ಎರಡನ್ನೂ ಕೂಡಿಸಿಯೇ ದನಕ್ಕೆ ಹಾಕಿದಳು.

ಮಕ್ಕಳಿಲ್ಲದ ಗಂಡಹೆಂಡತಿ ಮಕ್ಕಳಾಗಲೆಂದು ಬೀದಿಯಲ್ಲಿ ಕೂಡಿ ಕುಣಿಯುವ ಊರೊಂದಿದೆ ಎಂದಾಗ ಕಟ್ಟೆಯ ಮೇಲಿನ ಹಿರಿಯರು ಎದ್ದು ಹೋಗುತ್ತಿದ್ದರು, ಕಿವಿ ಮಾತ್ರ ಇಲ್ಲೇ ಬಿಟ್ಟು. ತಿಂಗಳ ಕೊನೆಯ ಸಂಜೆ ದೊಡ್ಡ ಮೆರವಣಿಗೆ. ಹೂವಿನ ಕಮಾನಿನ ಕೆಳಗೆ ರಾಣಿಯ ವೇಷದ ಹುಡುಗಿ ನಡೆಯುತ್ತಾಳೆ. ಅವಳ ಮುಂದೆ ಒಂದು ಗಾಡಿಯಲ್ಲಿ ಉದ್ದ ಗಡ್ಡ ಕಟ್ಟಿಕೊಂಡ ಮುದುಕ ಕುಳಿತು ಬಾಣಲೆಯಲ್ಲಿ ಉಸುಕು ಹುರಿಯುತ್ತಿರುತ್ತಾನೆ.

ನಾಲ್ಕೆತ್ತಿನ ಒಕ್ಕಲುತನದ ಬಸಪ್ಪ ಎಂಬವನಿಗೆ ಈ ಉಸುಕಿನ ಮಾತು ಬಂದರೆ ತಡೆಯಲಾಗುತ್ತಿರಲಿಲ್ಲ.

"ಕಾಕಾ, ಉಪ್ಪ ಹಾಕಿ ಹುರೀತಾರೋ, ಹಂಗೋ?"

ಎಲ್ಲರೂ ನಗುತ್ತಿದ್ದರು. ಅವರೂ ನಗುತ್ತಿದ್ದರು. ಉಸುಕನ್ನು ಯಾಕೆ ಹುರಿಯುತ್ತಾರೆ ಎಂದು ನಾನು ಒಮ್ಮೆ ಕೇಳಿದೆ. ಅದಕ್ಕೆ ಅವರು, "ಅವರ ಮಾತಿನ್ಯಾಗ ನನಗ ಇಪ್ಪತ್ತ ಶಬ್ದ ಬರತಿದ್ದುವು ಮಾಸ್ತರ. ಅದರಾಗ 'ಯಾಕ' ಇರಲಿಲ್ಲ" ಎಂದರು. ಅವರಿಗೆ ಯಾರಾದರೂ ಸುಳ್ಳುಗಾರ ಎಂದರೆ ಕಥೆಗೆ ಇನ್ನಷ್ಟು ಸೇರಿಸುತ್ತಿರಲಿಲ್ಲ, ಕಡಿಮೆ ಮಾಡುತ್ತಿದ್ದರು. ಅದಕ್ಕೇ ನಾನು ಅವರನ್ನು ನಂಬಿದೆ.

ಆದರೆ ಅವರ ದನಿ ನಿಜವಾಗಿ ಬದಲಾಗುತ್ತಿದ್ದುದು ಕೋಣಗಳ ಮಾತು ಬಂದಾಗ. ಆ ನಾಡಿನಲ್ಲಿ ಉಳುವುದು ಕೋಣ. ಸಂತನ ಹಬ್ಬದ ದಿನ ಕೋಣಗಳ ಮೈ ತೊಳೆದು, ಕೂದಲು ಬೋಳಿಸಿ, ಎಣ್ಣೆ ಹಚ್ಚಿ, ಕೊಂಬಿಗೆ ಹೂವು ಸುತ್ತಿ ಸಾಲಾಗಿ ಚರ್ಚಿನ ಮುಂದೆ ತರುತ್ತಾರೆ. ಬಾಗಿಲ ಮುಂದೆ ಬಂದಾಗ ಒಂದೊಂದು ಕೋಣವೂ ಮೊಣಕಾಲೂರುತ್ತದೆ. ಜನ ಅವುಗಳ ಮೈಗೆ ಬಣ್ಣ ಹಚ್ಚುತ್ತಾರೆ, ಮಾಲೆ ಹಾಕುತ್ತಾರೆ. ವರ್ಷವೆಲ್ಲ ದುಡಿದದ್ದಕ್ಕೆ ಅಂದು ಅವಕ್ಕೆ ಮರ್ಯಾದೆ. ಮನೆ ಕೊಟ್ಟ ರೈತ ಅವರಿಗೆ ಆ ವಿದ್ಯೆ ಕಲಿಸಿದ. ಕೋಲು ತೋರಿಸಬಾರದು, ಹೊಡೆಯಬಾರದು. ಯಜಮಾನ ತಾನು ಮೊದಲು ಮೊಣಕಾಲೂರಬೇಕು. ಆಮೇಲೆ ಅದು ಊರುತ್ತದೆ. ಒಡೆದ ಚಿಪ್ಪಿನ ಮನುಷ್ಯನಿಗೆ ಆ ರೈತ ಬಲಗಾಲಿನ ಮೇಲೆ ಕೂರುವುದನ್ನು ಕಲಿಸಿದನಂತೆ. ಆದರೂ ಎಡ ಮೊಣಕಾಲು ನೆಲಕ್ಕೆ ತಾಗದೆ ಇರುವುದಿಲ್ಲ, ಪ್ರತಿ ಸಲವೂ ನೋಯುತ್ತದೆ.

ಕಿತ್ತೂರಿನ ಸಂತೆಯಲ್ಲಿ ಒಂದು ಗಂಡು ಎಮ್ಮೆಗರು ತಂದರು. ಅದಕ್ಕೆ ಮಾಯೋ ಎಂದು ಹೆಸರಿಟ್ಟರು; ಮೇ ತಿಂಗಳಿಗೆ ಅಲ್ಲಿಯವರು ಹಾಗೆ ಅನ್ನುತ್ತಾರಂತೆ. ಎರಡು ವರ್ಷ ಹಿತ್ತಿಲಲ್ಲಿ ಯಾರಿಗೂ ತೋರಿಸದೆ ಕಲಿಸಿದರು. ಮೂರನೆಯ ವರ್ಷದ ರಜೆಯಲ್ಲಿ ನನ್ನನ್ನು ಹಿತ್ತಿಲಿಗೆ ಕರೆದು ತೋರಿಸಿದರು. ಅವರು ಮೊಣಕಾಲೂರಿದರು. ಆ ಕಪ್ಪು ಗುಡ್ಡದಂಥ ಪ್ರಾಣಿ ಅವರನ್ನು ಒಮ್ಮೆ ನೋಡಿ, ಮೆಲ್ಲಗೆ ಮುಂಗಾಲು ಮಡಚಿತು.

ಇನ್ನು ನಾನು ಇದುವರೆಗೆ ಬರೆಯದೆ ಇದ್ದ ಮಾತು. ಇದನ್ನು ಊರ ಮುಂದೆ ತೋರಿಸಬೇಕೆಂದು ಅವರಿಗೆ ಆಸೆ ಇತ್ತು, ಆದರೆ ಅಗಸಿಯ ಬಯಲಿನಲ್ಲಿ ತೋರಿಸಿದರೆ ಸಾಕೆಂದಿದ್ದರು. ಗುಡಿಯ ಮುಂದೆ ತೋರಿಸಿರೆಂದು ಹೇಳಿದವನು ನಾನು. ಅಲ್ಲಿ ಚರ್ಚಿನ ಮುಂದೆ ಊರಿದ್ದು ಇಲ್ಲಿ ಗುಡಿಯ ಮುಂದೆ ಊರಲಿ, ನಮ್ಮವರಿಗೂ ಅರ್ಥವಾದೀತು ಎಂದೆ. ನಾನು ಪುಸ್ತಕ ಓದಿದ ಮನುಷ್ಯ. ಎಲ್ಲ ದೇವರೂ ಒಂದೇ ಎಂದು ಓದಿದ್ದೆ. ನಮ್ಮ ದ್ಯಾಮವ್ವನಿಗೆ ಕೋಣ ಯಾತಕ್ಕೆ ಎಂಬುದು ಚಿಕ್ಕಂದಿನಿಂದ ಗೊತ್ತಿದ್ದವನೇ ಮರೆತೆ. ಅವರಿಗೆ ಗೊತ್ತಿರಲಿಲ್ಲ, ಹನ್ನೆರಡಕ್ಕೆ ಊರು ಬಿಟ್ಟವರು. ಅವರು ಬಂದ ಮೇಲೆ ನಮ್ಮಲ್ಲಿ ದ್ಯಾಮವ್ವನ ಹಬ್ಬವೇ ನಡೆದಿರಲಿಲ್ಲ, ಪ್ಲೇಗಿನ ದೆಸೆಯಿಂದ.

ಆ ಪ್ಲೇಗಿನ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮೂರಿನವರಿಗೆ ಅನ್ಯಾಯವಾಗುತ್ತದೆ. ಎರಡು ಸಲ ಬಂದಿತ್ತು. ಎರಡು ಸಲವೂ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದೆವು. ಹಬ್ಬ ನಿಂತು ವರ್ಷಗಳಾಗಿದ್ದುವು. ತಾಯಿಯ ಪಾಲು ತಾಯಿಗೆ ಮುಟ್ಟಿಲ್ಲ, ಮೂರನೆಯ ಸಲವೂ ಬಂದೀತು ಎಂಬ ಹೆದರಿಕೆ ಎಲ್ಲರ ಹೊಟ್ಟೆಯಲ್ಲಿತ್ತು. "ತಾಯಿ ಕೇಳ್ಯಾಳ" ಎಂದವಳು ನಿಂಗವ್ವ. ಎರಡನೆಯ ಸಲ ಬಂದಾಗ ಒಂದೇ ವಾರದಲ್ಲಿ ಇಬ್ಬರು ಗಂಡುಮಕ್ಕಳನ್ನು ಮಣ್ಣಿಗೆ ಕೊಟ್ಟವಳು.

ಕಾರಹುಣ್ಣಿಮೆಯ ದಿನ ಎತ್ತುಗಳೆಲ್ಲ ಓಡಿ ಕರಿ ಹರಿದಾಗಿತ್ತು. ಬಿಳಿಯ ಎತ್ತು ಮುಂದೆ ಬಂದು ಅಗಸಿಗೆ ಕಟ್ಟಿದ ಬೇವಿನ ಸರ ಹರಿದದ್ದರಿಂದ ಈ ವರ್ಷ ಜೋಳ, ಹತ್ತಿ ಚೆನ್ನಾಗಿ ಬರುತ್ತವೆಂದು ಎಲ್ಲರೂ ಹುರುಪಿನಲ್ಲಿದ್ದರು. ಎಲ್ಲ ಎತ್ತುಗಳ ಹಿಂದೆ ಕೋಣ ಬರಲಿ ಎಂದು ಗೌಡರು ನಗುತ್ತಲೇ ಅಪ್ಪಣೆ ಕೊಟ್ಟಿದ್ದರು. ಕೊಂಬಿಗೆ ಕೆಂಪು ಹುರಮಂಜು ಬಳಿದು, ಮೈಗೆ ಎಣ್ಣೆ ಹಚ್ಚಿ ಅವರು ಅದನ್ನು ತಂದರು. ಬಸಪ್ಪ, "ಕಾಕಾನ ಎತ್ತಿಗೆ ಬಿಸಿಲ ಹತ್ತೇತ್ರೋ, ಕರ್ರಗ ಆಗೇತಿ" ಎಂದ. ಗುಡಿಯ ಮುಂದೆ ನಿಂತು ಅವರು ಮೊಣಕಾಲೂರಿದರು. ಕೋಣ ಊರಿತು. ಹಲಗೆ ನಿಂತಿತು.

ನಿಂಗವ್ವ ಮುಂದೆ ಬಂದು ಪೂಜೆಯ ತಟ್ಟೆಯಿಂದ ಅರಿಶಿಣ ತೆಗೆದು ಕೋಣದ ಹಣೆಗೆ ಬಳಿದಳು. ಆಮೇಲೆ ಹತ್ತು ಕೈ, ಐವತ್ತು ಕೈ. ಯಾರೋ ಬೇವಿನ ಮಾಲೆ ತಂದು ಕೊರಳಿಗೆ ಹಾಕಿದರು. ಅವರು ಕೋಣದ ಪಕ್ಕದಲ್ಲಿ ಇನ್ನೂ ಮೊಣಕಾಲೂರಿಕೊಂಡೇ ನನ್ನತ್ತ ತಿರುಗಿ ನೋಡಿದರು. ಅವರ ಕಣ್ಣು ತುಂಬಿತ್ತು.

"ನೋಡ್ರಿ ಮಾಸ್ತರ, ಕಡೀಕ ನಮ್ಮ ಮಂದೀನೂ ಮರ್ಯಾದಿ ಕೊಟ್ರು."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಇದೆ. ನಾನು ಬಗ್ಗಿ ಅವರ ಕಿವಿಯಲ್ಲಿ ಆ ಅರಿಶಿಣ ಬಲಿಯ ಗುರುತೆಂದು ಹೇಳಿದೆ. ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಆಗ ಅವರ ಕೈ ಹಗ್ಗದ ಮೇಲೆ ಬಿಗಿಯಾಯಿತು.

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ, ಮತ್ತು ಕರೆಯದೆ ನೆನಪಾಗುತ್ತದೆ. ಬಸಪ್ಪ ಹಗ್ಗಕ್ಕೆ ಕೈ ಹಾಕಿದ. ಅವರು ಬಿಡಲಿಲ್ಲ. ಯಾರೋ ಕೊಡಲಿಗೆ ಓಡಿದರು. ಹಲಗೆ ಮತ್ತೆ ಶುರುವಾಯಿತು, ಈ ಸಲ ಬೇರೆ ಬಡಿತ. ಜನ ಒಂದೇ ಸಲಕ್ಕೆ ಮುಂದಕ್ಕೆ ನುಗ್ಗಿದರು. ನಾನು ಗುಡಿಯ ಗೋಡೆಗೆ ಅಪ್ಪಳಿಸಿ ಬಿದ್ದೆ. ಎದೆಯ ಮೇಲೆ ಒಂದು ಕಾಲು, ಕೈಯ ಮೇಲೆ ಇನ್ನೊಂದು, ಉಸಿರು ಬರುತ್ತಿರಲಿಲ್ಲ. ಕಾಲುಗಳ ಸಂದಿಯಲ್ಲಿ ಹಿತ್ತಾಳೆಯ ಗುಂಡಿಯ ಕೋಟು ಕಾಣಿಸುತ್ತಿತ್ತು. ಅವರು ಕೋಣದ ಕೊರಳಿನ ಮೇಲೆ ತಮ್ಮ ಮೈಯನ್ನೇ ಚೆಲ್ಲಿ ಮಲಗಿದ್ದರು. ಕೊಡಲಿ ಬಿದ್ದರೆ ಮೊದಲು ಅವರ ಬೆನ್ನಿಗೆ ಬೀಳಬೇಕು, ಹಾಗೆ. ನಾನು ಬಾಯಿ ತೆರೆದೆ. 'ತಪ್ಪು ನನ್ನದು' ಎಂದು ಕೂಗಬೇಕಿತ್ತು. ಕೂಗಲಿಲ್ಲ.

ಗೌಡರ ದನಿ ಕೇಳಿಸಿತು. ಇಂದು ಸೋಮವಾರ, ತಾಯಿಯ ವಾರವಲ್ಲ, ಕೊಡುವುದಾದರೆ ಕ್ರಮ ಪ್ರಕಾರ ಶುಕ್ರವಾರ ಕೊಡೋಣ, ಈಗ ಯಾರಾದರೂ ಕೊಡಲಿ ಎತ್ತಿದರೆ ತಾಯಿ ಮುನಿದಾಳು ಎಂದರು. ಅವರು ಮುದುಕರು, ಹೆದರಿದ್ದರು. ಆದರೂ ನಾಲ್ಕು ದಿನ ಗಳಿಸಿಕೊಟ್ಟರು. ಕೋಣವನ್ನು ಗುಡಿಯ ಅಂಗಳದ ಬೇವಿನ ಮರಕ್ಕೆ ಕಟ್ಟಿದರು. ಕಾವಲಿಗೆ ಮೂವರು ಬಡಿಗೆ ಹಿಡಿದು ಕುಳಿತರು. ನಾಲ್ಕನೆಯವರಾಗಿ ಅವರೂ ಎಡಗಾಲು ನೀಡಿ ಅಲ್ಲೇ ಕುಳಿತರು. ಅಕ್ಕ ರೊಟ್ಟಿ ತಂದರೆ ಆ ಮೂವರಿಗೂ ಹರಿದು ಕೊಡುತ್ತಿದ್ದರು.

ಮಂಗಳವಾರ ನಾನು ನಡೆದು ಬೈಲಹೊಂಗಲಕ್ಕೆ ಹೋಗಿ ಫೌಜದಾರರನ್ನು ಕಂಡೆ. ಯಜಮಾನ ಫಿರ್ಯಾದಿಗೆ ಸಹಿ ಮಾಡಿದರೆ ಇಬ್ಬರು ಸಿಪಾಯಿಗಳನ್ನು ಕಳಿಸುವುದಾಗಿ ಅವರು ಹೇಳಿದರು. ಅರ್ಜಿ ಬರೆಸಿಕೊಂಡು ಓಡುತ್ತ ಬಂದೆ. ಕೋಣದ ಪಕ್ಕದಲ್ಲಿ ಕುಳಿತಿದ್ದ ಅವರು ಕಾಗದವನ್ನು ಓದಲಿಲ್ಲ.

"ಊರ ಮ್ಯಾಲ ಫಿರ್ಯಾದಿ ಕೊಟ್ಟು ನಮ್ಮಕ್ಕ ಯಾವ ಬಾವಿ ನೀರ ತರಬೇಕ್ರಿ ಮಾಸ್ತರ?"

ಗುಡಿಯ ಮುಂದೆ ತೋರಿಸುವ ಬುದ್ಧಿ ಯಾರು ಕೊಟ್ಟರು ಎಂದು ಕಾವಲಿನವರು ನನ್ನೆದುರಿಗೇ ಅವರನ್ನು ಕೇಳಿದರು. "ನನಗ ಹೊಳೀತು" ಎಂದರು, ನನ್ನತ್ತ ನೋಡಲೂ ಇಲ್ಲ.

ನಮ್ಮಲ್ಲಿ ತಾಯಿಗೆ ಬಿಟ್ಟ ಕೋಣವನ್ನು ಹಿಂದಿನ ದಿನ ಊರ ಮನೆಮನೆಯ ಮುಂದೆ ಒಯ್ಯುವ ಪದ್ಧತಿ. ಹೆಂಗಸರು ಅದರ ಕಾಲಿಗೆ ನೀರು ಹಾಕಿ ಕುಂಕುಮ ಇಡುತ್ತಾರೆ. ಗುರುವಾರ ಬೆಳಗ್ಗೆ ಅವರು ಗೌಡರ ಬಳಿ ಹೋಗಿ, ಕೋಣವನ್ನು ತಿರುಗಿಸುವ ಕೆಲಸ ತಮಗೇ ಕೊಡಬೇಕೆಂದು ಕೇಳಿದರು. ಸಾಕಿದವನು, ಕೊನೆಯ ಸೇವೆ ಎಂದು ಗೌಡರು ಒಪ್ಪಿದರು. ಅಲ್ಲಿಂದ ಹೊರಗೆ ಬಂದ ಮೇಲೆ ಅವರು ನನಗೆ ಮಾತ್ರ ನಿಜ ಹೇಳಿದರು. ನೀವು ದೂರ ಇರ್ರಿ ಎಂದರು.

ಮೊದಲ ಮನೆ ಗೌಡರದೇ. ಗೌಡಸಾನಿ ತಂಬಿಗೆ ಹಿಡಿದು ಹೊರಗೆ ಬಂದಳು. ಅವರು ಮೊಣಕಾಲೂರಿದರು. ಕೋಣ ಮೊಣಕಾಲೂರಿತು. ನೀರು ಹಾಕಿಸಿಕೊಂಡು ಇಬ್ಬರೂ ಎದ್ದರು. ಎರಡನೆಯ ಮನೆ. ಮೂರನೆಯ ಮನೆ. ಹಿಂದೆ ಬರುತ್ತಿದ್ದ ಜನ ಅದನ್ನು ಭಕ್ತಿ ಎಂದುಕೊಂಡರು. ಹಡಪದವರ ಮನೆಯ ಮುಂದೆ ಊರಿದಾಗ ಯಾರೋ ಗುಸುಗುಸು ಎಂದರು. ಗಾಣಿಗರ ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲಿಗೆ ಚಿಲಕ ಹಾಕಿತ್ತು. ಅಲ್ಲಿ ಮಲಗಿದ್ದ ನಾಯಿಯ ಮುಂದೆ ಊರಿದರು. ಪಿಂಜಾರರ ಮನೆಯ ಮುದುಕ ಗಾಬರಿಯಾಗಿ, ನಮಗ್ಯಾಕ ಕಾಕಾ, ಮುಂದ ನಡೀರಿ ಎಂದು ಕೈ ಆಡಿಸಿದ. ಅವನ ಮುಂದೆಯೂ ಊರಿದರು.

ಬಸಪ್ಪನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಅವನು ಬಡಿಗೆ ಹಿಡಿದು ದಾರಿಗೆ ಅಡ್ಡ ನಿಂತ.

"ತಾಯಿಗೆ ಬಾಗಿದ್ದನ್ನ ಕಂಡಕಂಡವರಿಗೆ ಬಾಗಸಾಕ ಹತ್ತಿಯಲ್ಲ. ಜೀವದ ಮ್ಯಾಲ ಆಸೆ ಇಲ್ಲೇನ ನಿನಗ?"

ಹಿಂದೆ ನೂರು ಜನ. ಅವರಲ್ಲಿ ಅರ್ಧ ಮಂದಿಯ ಕೈಯಲ್ಲಿ ಏನಾದರೊಂದು ಇತ್ತು. ಕೋಣದ ಯಜಮಾನರು ಬಸಪ್ಪನ ಮುಂದೆ ಮೊಣಕಾಲೂರಿದರು. ಬಡಿಗೆ ಅವರ ಹೆಗಲಿಗೆ ಬಿತ್ತು. ಆ ಸಪ್ಪಳ ನಾನು ಕೇಳಿದೆ. ಅವರು ಒಂದು ಕೈ ನೆಲಕ್ಕೆ ಊರಿ ಸಮಾಳಿಸಿಕೊಂಡು, ಮತ್ತೆ ನೆಟ್ಟಗಾಗಿ, ಹಾಗೇ ಕುಳಿತರು. ಕೋಣ ಅವರನ್ನು ನೋಡಿತು, ಮುಂಗಾಲು ಮಡಚಿತು. ಬಸಪ್ಪ ಎರಡನೆಯ ಸಲ ಬಡಿಗೆ ಎತ್ತಿದ. ಕೋಣದ ತಲೆ ಅವನ ಕಾಲಿನ ಹತ್ತಿರ ಇತ್ತು, ಅದರ ಉಸಿರು ಅವನ ಪಾದಕ್ಕೆ ತಾಗುತ್ತಿದ್ದಿರಬೇಕು. ಎತ್ತಿದ ಬಡಿಗೆಯನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಪಕ್ಕಕ್ಕೆ ಸರಿದ.

ಆಮೇಲೆ ಯಾರೂ ತಡೆಯಲಿಲ್ಲ. ನೂರಕ್ಕೂ ಮೇಲ್ಪಟ್ಟು ಮನೆ. ಊರ ಹೊರಗಿನ ಕೇರಿಗೂ ಹೋದರು. ಅಲ್ಲಿ ದೇವಿಯ ಕೋಣ ಹಿಂದೆಂದೂ ಬಂದಿರಲಿಲ್ಲ, ಹೆಂಗಸರು ನೀರು ಹಾಕಬಹುದೋ ಬಾರದೋ ಎಂದು ತಿಳಿಯದೆ ತಂಬಿಗೆ ಹಿಡಿದು ನಿಂತರು. ಗೌಡರ ಮುಂದೆಯೂ ನೆಟ್ಟಗೆ ನಿಲ್ಲುತ್ತಿದ್ದ ಮನುಷ್ಯ ಆ ಗುಡಿಸಲುಗಳ ಮುಂದೆ ಒಂದೊಂದಾಗಿ ಮೊಣಕಾಲೂರಿದರು. ಬಿಸಿಲು ನೆತ್ತಿಗೆ ಬಂದಿತ್ತು. ಅವರ ಎಡ ಮೊಣಕಾಲಿನಲ್ಲಿ ಧೋತರ ಕೆಂಪಾಗಿತ್ತು. ಏಳುವಾಗ ಕೋಣದ ಕೊಂಬು ಹಿಡಿದು ಏಳುತ್ತಿದ್ದರು. ಹೆಮ್ಮೆ ಎಂಬ ಶಬ್ದವನ್ನು ನಾನು ಬಹಳ ಸಲ ಬರೆದಿದ್ದೇನೆ, ಮಕ್ಕಳಿಗೆ ಕಲಿಸಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ಆ ಮಧ್ಯಾಹ್ನ, ಅವರು ಏಳುವುದನ್ನು ನೋಡುತ್ತ.

ಕೇರಿಯಿಂದ ಮರಳಿದ ಮೇಲೆ ಕೊನೆಯ ಮನೆ ನಿಂಗವ್ವನದು. ಅವಳು ನೀರು ಹಿಡಿದು ಹೊರಗೆ ಬರಲಿಲ್ಲ. ಹೊಸ್ತಿಲ ಮೇಲೆ ಕುಳಿತಿದ್ದಳು. ಬೆಳಗಿನಿಂದ ನಡೆದದ್ದೆಲ್ಲ ಅವಳ ಕಿವಿಗೆ ಬಿದ್ದಿತ್ತು. ಅವರು ಊರಿದರು, ಕೋಣ ಊರಿತು. ಅವಳು ಇಬ್ಬರನ್ನೂ ನೋಡಿದಳು.

"ನಾ ಏನ ದೇವರ ಅದೀನೇನೋ ತಮ್ಮಾ, ನನ್ನ ಮುಂದ ಇದು ಊರಾಕ?"

"ನಾ ಊರಿದ್ನೆಕ್ಕಾ, ಅದು ಊರಿತು. ಅಷ್ಟ ಅದಕ್ಕ ಬರೂದು."

"ಹಂಗಾರ ಅವತ್ತ ತಾಯಿ ಏನೂ ಕೇಳಲಿಲ್ಲೇನು?"

ಆ ಮಾತನ್ನು ಅವಳು ಕೇಳಿದ ರೀತಿಯನ್ನು ಹೇಗೆ ಬರೆಯಲಿ? ತಾಯಿ ಏನಾದರೂ ಕೇಳಿದ್ದರೆ, ಕೊಟ್ಟುಬಿಟ್ಟರೆ ಮುಗಿಯುತ್ತದೆ. ಏನೂ ಕೇಳಿಲ್ಲವೆಂದರೆ ಅವಳು ಯಾರಿಗೆ ಏನು ಕೊಟ್ಟು ಹೆದರಿಕೆ ಕಳೆದುಕೊಳ್ಳಬೇಕು? ಅವರು ಎದ್ದೇಳದೆ ಹೇಳಿದರು:

"ನಿನ್ನ ಎರಡ ಮಕ್ಕಳನ್ನ ತಗೊಂಡಾಳಲ್ಲಕ್ಕಾ. ಮತ್ತ ಕೇಳುವಷ್ಟು ಕೆಟ್ಟಾಕಿ ಅಲ್ಲ ಆಕಿ."

ನಿಂಗವ್ವ ಎದ್ದು ಒಳಗೆ ಹೋದಳು. ಅವಳು ಒಂದು ಕೊಡ ನೀರು ತಂದು ಕೋಣದ ಹಣೆಯ ಮೇಲೆ ಸುರಿದಳು. ಸೆರಗಿನಿಂದ ಉಜ್ಜಿ ಉಜ್ಜಿ ಅರಿಶಿಣ ತೊಳೆದಳು. ಬೇವಿನ ಮಾಲೆಯನ್ನು ತಾನೇ ಬಿಚ್ಚಿ ಅದಕ್ಕೇ ತಿನ್ನಲು ಕೊಟ್ಟಳು. ಅದು ಮೂಸಿ, ಕಹಿಯೆಂದು ಬಿಟ್ಟಿತು. ಆಮೇಲೆ ಉಳಿದ ನೀರಿನಲ್ಲಿ ಅವರ ಮೊಣಕಾಲು ತೊಳೆದಳು. ಹಚ್ಚಿದವಳೇ ತೊಳೆದ ಮೇಲೆ ಉಳಿದವರಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ಶುಕ್ರವಾರ ತಾಯಿಗೆ ಹೋಳಿಗೆಯ ನೈವೇದ್ಯ ಆಯಿತು. ಮಳೆ ಬಂದಿತೇ ಎಂದು ಕೇಳುವವರಿದ್ದಾರೆ. ಬಂತು, ತಡವಾಗಿ, ಸುತ್ತಲಿನ ಎಲ್ಲ ಊರುಗಳಿಗೂ ಬಂದ ಹಾಗೆ.

ಮಾಯೋ ಮತ್ತೆ ಹನ್ನೊಂದು ವರ್ಷ ಅವರ ಹೊಲದಲ್ಲಿ ನೀರು ಎಳೆಯಿತು. ಅದನ್ನು ಅವರು ಮತ್ತೆಂದೂ ಊರಿಸಲಿಲ್ಲ. ಊರಿಸಲು ಅವರ ಕಾಲೂ ಒಪ್ಪುತ್ತಿರಲಿಲ್ಲ, ಆ ದಿನದಿಂದ ಕೋಲು ಹಿಡಿದೇ ನಡೆಯುತ್ತಿದ್ದರು. ಮುಂದಿನ ಮೇ ತಿಂಗಳಲ್ಲಿ ಕಟ್ಟೆಯ ಮೇಲೆ ಅವರು ಮಾತು ಶುರು ಮಾಡಿದಾಗ ಬಸಪ್ಪ ಎಲ್ಲರಿಗಿಂತ ಮೊದಲು ಬಂದು, ತನ್ನ ಕಂಬಳಿಯನ್ನು ಅವರ ಕಾಲಿನ ಕೆಳಗೆ ಮಡಚಿ ಇಟ್ಟು, ಉಸುಕಿನ ಮುದುಕನ ಕಥೆ ಹೇಳಿರೆಂದು ಕೇಳಿದ. ಅಕ್ಕ ತೀರಿಕೊಂಡ ಮೇಲೆ ಅವರು ರಾಮದುರ್ಗಕ್ಕೆ ಅಣ್ಣನ ಮನೆಗೆ ಹೋದರು. ಒಂದೆರಡು ಸಲ ಹೋಗಿ ಕಂಡು ಬಂದೆ.

ನನ್ನ ವಿಷಯ ಉಳಿಯಿತು. ಆ ಸೋಮವಾರದಿಂದ ನನಗೆ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಎದೆಯ ಮೇಲೆ ಕಾಲು. ಎಲ್ಲಾದರೂ ಹಲಗೆಯ ಬಡಿತ ನಿಂತರೆ ಇಂದಿಗೂ ನನ್ನ ಕೈ ಕಿಸೆಯ ಗಡಿಯಾರಕ್ಕೆ ಹೋಗುತ್ತದೆ. ಎಲ್ಲ ಒಳ್ಳೆಯದಾಯಿತಲ್ಲ ಎಂದು ಅವ್ವ ಹೇಳುತ್ತಿದ್ದಳು. ಆದರೆ ಅವರು ಬಡಿಗೆಯ ಪೆಟ್ಟು ತಿಂದದ್ದು ನನ್ನ ಮಾತಿಗೆ ಎಂಬುದು ಅವರಿಗೆ ಗೊತ್ತು, ನನಗೆ ಗೊತ್ತು. ಅವರು ಯಾರಿಗೂ ಹೇಳಲಿಲ್ಲ. ಹೇಳಬೇಡವೆಂದು ನನಗೂ ತಾಕೀತು ಮಾಡಿದ್ದರು.

ಆ ವರ್ಷದ ಶ್ರಾವಣದಲ್ಲಿ, ನಾಗರಪಂಚಮಿಯ ಹಿಂದಿನ ದಿನ, ರಜೆ ಹಾಕಿ ಊರಿಗೆ ಬಂದು ನೇರ ನಿಂಗವ್ವನ ಮನೆಗೆ ಹೋದೆ. ಉಂಡಿ ಕಟ್ಟಲು ಶೇಂಗಾ ಸುಲಿಯುತ್ತ ಕುಳಿತಿದ್ದಳು. ಪೀಠಿಕೆ ಹಾಕದೆ ಹೇಳಿಬಿಟ್ಟೆ. ಅವಳು ಕೈ ನಿಲ್ಲಿಸಲಿಲ್ಲ.

"ಗೊತ್ತೈತಿ. ಮಣಕಾಲ ತೊಳಿವಾಗ ಆತನ್ನ ಕೇಳಿದ್ನಿ, ಗುಡಿ ಮುಂದ ನಿಂದರಸೂ ಯೋಚನಿ ಯಾರದ್ದಪಾ ಅಂತ. ನಂದ ಅಂದ. ಸುಳ್ಳ ಹೇಳಾಕ ಬರಂಗಿಲ್ಲ ಆತಗ, ಮಾರಿ ಕೆಳಗ ಹಾಕಿದ. ಇಂಥಾ ಯೋಚನಿ ಸಾಲಿ ಕಲತವರದ್ದ ಇರಬೇಕು ಅಂದ್ಕೊಂಡ್ನಿ."

ಅವಳು ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು.

"ಕುಂದ್ರು. ಸುಲಿ."

ಸಂಜೆಯ ತನಕ ಸುಲಿದೆ. ಅವಳು ತನ್ನ ಮಕ್ಕಳ ಮಾತು ಹೇಳಿದಳು, ಹಿರಿಯವನಿಗೆ ಬೆಲ್ಲ ಹೆಚ್ಚಾಗಬೇಕಿತ್ತು, ಕಿರಿಯವನು ಶೇಂಗಾವನ್ನು ಕದ್ದು ತಿನ್ನುತ್ತಿದ್ದ ಎಂದೆಲ್ಲ. ಹೆಬ್ಬೆರಳಿನ ಉಗುರು ಒಡೆಯಿತು. ಮನೆಗೆ ಬಂದು ಉಂಡು ಮಲಗಿದೆ. ಎಚ್ಚರವಾದಾಗ ಪಂಚಮಿಯ ಬಿಸಿಲು ಬೆಳಕಿಂಡಿಯಿಂದ ಮುಖಕ್ಕೆ ಬಿದ್ದಿತ್ತು, ಅವ್ವ ಅಂಗಳಕ್ಕೆ ನೀರು ಹೊಡೆದು ಮುಗಿಸಿದ್ದಳು.